ಬಿಳಿ ಗೆರೆಯ ನಾಲ್ಕು ಇಂಚು

ಸೆಪ್ಟೆಂಬರ್ 6, 1994, ಮಂಗಳವಾರ. ಬೆಳಗ್ಗೆ 5.10

ಕಾಫಿ ಆರುವ ಮೊದಲು ನಾಲ್ಕು ಸಾಲು. ಆರನೇ ರೂಟಿಗೆ ಈ ವರ್ಷ ಮೂವತ್ತೊಂದು ಮಕ್ಕಳು. ನಾನು ಓಡಿಸುವ ಸ್ಕೂಲ್ ಬಸ್ಸಿನ ಹೀಟರ್ ಮತ್ತೆ ಕೆಟ್ಟಿದೆ. ಚಳಿಗೆ ಮೊದಲು ಸರಿಮಾಡಿಸಬೇಕು — ಹೋದ ವರ್ಷವೂ ಇದನ್ನೇ ಬರೆದಿದ್ದೆ.

ನನ್ನ ಗಂಡ ಆರ್ಲೋ ನನ್ನನ್ನು ಕೇಳದೆ ನನ್ನ ಶನಿವಾರಗಳನ್ನು ದಾನ ಮಾಡಿಬಿಟ್ಟಿದ್ದಾನೆ. ಸೊಂಟದ ಆಪರೇಷನ್ ಆಗಿ ಮೂರು ವಾರ. ಕ್ರಿಸ್‌ಮಸ್‌ವರೆಗೆ ಓಡಾಟ ಕೂಡದು ಎಂದು ಡಾಕ್ಟರು. ಕೆಲ್ಬಿ ಕಾಲೇಜಿನ ಫುಟ್‌ಬಾಲ್ ಮೈದಾನದಲ್ಲಿ ಇಪ್ಪತ್ತೆರಡು ವರ್ಷ ದೂರ ಅಳೆಯುವ ಸರಪಳಿ ಹಿಡಿದವನು. ಜೊತೆಗೆ ಸರಪಳಿ ಹಿಡಿಯುವ ಗಾರ್ಡಿ ಪ್ಲಾತ್ ಫೋನು ಮಾಡಿ ಒಬ್ಬರು ಕಡಿಮೆ ಎಂದನಂತೆ. ಇವನು, "ವರ್ನಾ ಬರ್ತಾಳೆ ಬಿಡು" ಎಂದನಂತೆ.

"ನನ್ನ ಒಂದು ಮಾತು ಕೇಳಿದ್ಯಾ?"

"ಈಗ ಕೇಳ್ತಿದ್ದೀನಲ್ಲ."

ನಿನ್ನೆ ಸಂಜೆ ಅಡುಗೆಮನೆಯಲ್ಲಿ ತಾಲೀಮು. ಬಟ್ಟೆ ಒಣಗಿಸುವ ಹಗ್ಗವೇ ಸರಪಳಿ. ಇವನು ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ಅಪ್ಪಣೆ.

"ಆಟ ಇಷ್ಟೇ ಕಣೇ. ನಾಲ್ಕು ಸಲ ಅವಕಾಶ. ಅಷ್ಟರಲ್ಲಿ ಚೆಂಡು ಹತ್ತು ಗಜ ಮುಂದೆ ಹೋದ್ರೆ ಮತ್ತೆ ನಾಲ್ಕು. ಇಲ್ಲಾಂದ್ರೆ ಚೆಂಡು ಆ ಕಡೆಯವರಿಗೆ. ಹತ್ತು ಗಜ ಆಯ್ತೋ ಇಲ್ವೋ ಅಂತ ಹೇಳೋದು ನಮ್ಮ ಸರಪಳಿ. ಹತ್ತು ಗಜ ಉದ್ದ, ಎರಡು ತುದಿಗೂ ಒಂದೊಂದು ಕೋಲು."

"ಮೂವತ್ತು ವರ್ಷ ನೋಡಿದೀನಿ. ಪಾಠ ಬೇಡ."

"ನೋಡೋದು ಬೇರೆ, ಹಿಡಿಯೋದು ಬೇರೆ. ಕೋಲು ನೆಟ್ಟ ತಕ್ಷಣ, ಮೈದಾನಕ್ಕೆ ಐದು ಗಜಕ್ಕೊಂದು ಬಳಿದಿರೋ ಬಿಳಿ ಗೆರೆಗಳಲ್ಲಿ ಹತ್ತಿರದ್ದು ನೋಡು. ಗೆರೆಯ ಹಿಂದಿನ ಅಂಚಿಗೆ ಸರಿಯಾಗಿ ಸರಪಳಿಗೆ ಕ್ಲಿಪ್ಪು ಸಿಕ್ಕಿಸು. ಅಳೆಯೋಕೆ ಅಂತ ಮೈದಾನದ ನಡುವೆ ಹೋದಾಗ ಅದೇ ಗೆರೆ, ಅದೇ ಅಂಚಿನ ಮೇಲೆ ಕ್ಲಿಪ್ಪು ಇಡು. ಗೆರೆ ನಾಲ್ಕು ಇಂಚು ಅಗಲ ಇರುತ್ತೆ, ಹುಷಾರು."

ಇನ್ನೊಂದು ನಿಯಮ. ಕೋಲು, ಸರಪಳಿ ಶೆಡ್ಡಿಗೆ ಹೋಗಿ ಬೀಗ ಬೀಳುವವರೆಗೆ ನಾನು ಯಾರ ಕಡೆಯವಳೂ ಅಲ್ಲ. ಚಪ್ಪಾಳೆ ಇಲ್ಲ, ಕೂಗು ಇಲ್ಲ. ಹುಬ್ಬು ಕೂಡ ಏರಿಸಬಾರದಂತೆ. ನನ್ನ ಬಾಯಿ ಬಲ್ಲವರು ಇದನ್ನು ಕೇಳಿ ನಗುತ್ತಾರೆ.

ಸೆಪ್ಟೆಂಬರ್ 10, ಶನಿವಾರ. ಸಂಜೆ

ಗೆದ್ದರು. ಗೆದ್ದರು! ಎರಡು ವರ್ಷ, ಹತ್ತೊಂಬತ್ತು ಆಟ ಸೋತು ಸುಣ್ಣವಾಗಿದ್ದ ನಮ್ಮ ಕೆಲ್ಬಿಯ ಮಿಲ್ಲರ್ಸ್ ತಂಡ. 20–7.

ನಾನು ಹುಬ್ಬು ಏರಿಸಲಿಲ್ಲ. ಪೆಪ್ಪರ್‌ಮಿಂಟ್ ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ. ಶೆಡ್ಡಿಗೆ ಬೀಗ ಬಿತ್ತು — ಅಷ್ಟರಲ್ಲಿ ಕೂಗುವ ಶಕ್ತಿ ಉಳಿದಿರಲಿಲ್ಲ. ಹೈಸ್ಕೂಲ್ ಬ್ಯಾಂಡಿನ ಮಕ್ಕಳನ್ನು ಬಸ್ಸಿಗೆ ತುಂಬಿ ವಾಪಸ್ ಬಿಟ್ಟೆ. ದಾರಿಯುದ್ದಕ್ಕೂ ಡೋಲು ಬಾರಿಸಿದವು. ಬಸ್ಸಿನಲ್ಲಿ ಗಲಾಟೆ ಕೂಡದೆಂಬ ನಿಯಮ ನನ್ನದೇ. ಇವತ್ತು ಕಿವಿ ಕೇಳಿಸಲಿಲ್ಲ.

ಸೆಪ್ಟೆಂಬರ್ 11, ಭಾನುವಾರ

ಟಾವರೆಸ್ ಊಟಕ್ಕೆ ಬಂದಿದ್ದ. ದೂರದೂರಿನಿಂದ ಬಂದ ಆಟಗಾರರನ್ನು ಭಾನುವಾರಕ್ಕೆಂದು ಊರಿನ ಮನೆಗಳು ಹಂಚಿಕೊಂಡಿವೆ. ನಮ್ಮ ಪಾಲಿಗೆ ಬಂದವನು ಟಾವರೆಸ್ ಓಕ್ಲಿ. ಫ್ಲಾರಿಡಾದ ಕಬ್ಬಿನ ಸೀಮೆಯವನು. ಚೆಂಡು ಹೊತ್ತು ಓಡುವ ಕೆಲಸ. ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಾಗ ಹೊರಬೀಳುವ ಮೊಲಗಳನ್ನು ಅಟ್ಟಿಸಿಕೊಂಡು ಓಡುತ್ತಿದ್ದನಂತೆ. ಅದಕ್ಕೇ ಆ ಕಾಲು.

ಮಾಂಸ, ಕಾಳು ಹಾಕಿದ ಖಾರದ ಚಿಲ್ಲಿ ಮಾಡಿದ್ದೆ, ಜೊತೆಗೆ ಸಿಹಿ ದಾಲ್ಚಿನ್ನಿ ರೋಲ್. ಹೋದ ವರ್ಷ ಮೊದಲ ಸಲ ಇದನ್ನು ಕಂಡು ಕಣ್ಣು ಬಿಟ್ಟಿದ್ದ. ಈಗ ರೋಲನ್ನು ಚಿಲ್ಲಿಯಲ್ಲೇ ಅದ್ದಿ ತಿನ್ನುತ್ತಾನೆ.

"ಮಿಸ್ ವರ್ನಾ, ನಿನ್ನೆ ನಾನು ಅರವತ್ತು ಗಜ ಓಡಿ ನಿಮ್ಮ ಕಡೆ ನೋಡಿದೆ. ಪೋಸ್ಟ್‌ಬಾಕ್ಸ್ ಥರ ನಿಂತಿದ್ರಿ!"

"ನಿಯಮ ಕಣಪ್ಪ."

"ಒಂದು ನಗು ಕೂಡ ಇಲ್ವಾ, ಮ್ಯಾಮ್?"

"ನಗು ಇಲ್ಲಿದೆ. ಇನ್ನೊಂದು ರೋಲ್ ಹಾಕ್ಕೋ."

ಅಕ್ಟೋಬರ್ 1, ಶನಿವಾರ. ಸಂಜೆ 6

ಇಲ್ಲಿಯವರೆಗೆ ಮೂರು ಆಟ, ಎರಡು ಗೆಲುವು. ಇವತ್ತು ಬ್ರಾಂಡ್ವಿಕ್ ಕಾಲೇಜು. ನಮ್ಮವರನ್ನು ಹತ್ತು ವರ್ಷದಿಂದ ಅರೆಯುತ್ತ ಬಂದವರು.

10–13, ನಾವು ಹಿಂದೆ. ಮೂರು ನಿಮಿಷ ಬಾಕಿ. ನಾಲ್ಕನೇ ಅವಕಾಶ, ಎರಡು ಗಜ ಬೇಕು. ನಮ್ಮ ಕೋಚ್ ರಸ್ಕ್ ಚೆಂಡನ್ನು ಟಾವರೆಸ್ ಕೈಗೇ ಕೊಡಿಸಿದರು. ರಾಶಿ ಬಿದ್ದ ಮೈಗಳ ಅಡಿಯಿಂದ ಚೆಂಡು ತೆಗೆದಾಗ ಎರಡು ಗಜ ಆಯಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ರೆಫರಿ ನಮ್ಮನ್ನು ಕರೆದ. ಸರಪಳಿ ಹೊತ್ತು ಒಳಗೆ ಹೋದೆವು. ನಾಲ್ಕು ಸಾವಿರ ಜನ ಎದ್ದು ನಿಂತಿದ್ದರು. ಕ್ಲಿಪ್ಪು ಇಟ್ಟೆ. ಗಾರ್ಡಿ ಮುಂದಿನ ಕೋಲು ಎಳೆದು ನಿಲ್ಲಿಸಿದ.

ಎರಡು ಬೆರಳು! ಚೆಂಡಿನ ಮೂತಿ ಕೋಲಿಗಿಂತ ಎರಡು ಬೆರಳು ಮುಂದೆ. ಅದಾಗಿ ಮೂರನೇ ಓಟಕ್ಕೆ ಕೊನೆಯ ಗೆರೆ ದಾಟಿ ಟಚ್‌ಡೌನ್. 17–13. ಟಾವರೆಸ್‌ನನ್ನು ಹೆಗಲ ಮೇಲೆ ಹೊತ್ತರು.

ಆರ್ಲೋ ರೇಡಿಯೋ ಕೇಳುತ್ತ ಊರುಗೋಲಿನಿಂದ ನೆಲ ಕುಟ್ಟಿ ಕುಟ್ಟಿ ಒಂದು ಟೈಲ್ ಒಡೆದಿದ್ದಾನೆ. ಬೈಯಲಿಲ್ಲ.

ಅಕ್ಟೋಬರ್ 3, ಸೋಮವಾರ. ಬೆಳಗ್ಗೆ 8.40, ಬಸ್ಸಿನಲ್ಲೇ

ಮಕ್ಕಳು ಇಳಿದಾಯಿತು.

ರೈಲ್ವೆ ಕ್ರಾಸಿಂಗ್‌ನಲ್ಲಿ ದಿನಾ ಬಸ್ಸು ನಿಲ್ಲಿಸುವಂತೆ ಇವತ್ತೂ ನಿಲ್ಲಿಸಿದೆ. ಬಿಳಿ ಗೆರೆ ಹೊಸದಾಗಿ ಬಳಿದಿದ್ದಾರೆ. ಬಂಪರು ಗೆರೆಯ ಈಚೆ ಅಂಚಿಗೆ ಬಂದಿದೆಯೋ ಆಚೆ ಅಂಚಿಗೋ ಎಂದು ಬಗ್ಗಿ ನೋಡಿದೆ. ಅಭ್ಯಾಸ. ಅಷ್ಟೇ, ಮೈದಾನದ ಗೆರೆ ನೆನಪಾಯಿತು.

ಶನಿವಾರ ಕ್ಲಿಪ್ಪು ಸಿಕ್ಕಿಸುವಾಗ ಗೆರೆಯ ಹಿಂದಿನ ಅಂಚಿನ ಮೇಲೆ ಬ್ರಾಂಡ್ವಿಕ್‌ನ ಹುಡುಗನೊಬ್ಬ ಬೂಟಿಟ್ಟು ನಿಂತಿದ್ದ. ಸರಿಯಪ್ಪಾ ಎಂದರೂ ಕೇಳಲಿಲ್ಲ. ಹೊತ್ತಿಲ್ಲ. ಮುಂದಿನ ಅಂಚಿಗೇ ಸಿಕ್ಕಿಸಿದೆ. ನೆನಪಿಟ್ಟುಕೊಂಡರಾಯಿತು ಎಂದುಕೊಂಡೆ. ಮೈದಾನದ ನಡುವೆ ರೆಫರಿ, "ಹಿಂದಿನ ಅಂಚು ತಾನೇ?" ಎಂದ. "ಹೌದು" ಎಂದೆ. ಹಿಂದಿನ ಅಂಚಿಗೇ ಇಟ್ಟೆ. ಮುಂದಿನದರಲ್ಲಿ ಸಿಕ್ಕಿಸಿ ಹಿಂದಿನದರಲ್ಲಿ ಇಟ್ಟರೆ ಸರಪಳಿ ಪೂರ್ತಿ ನಾಲ್ಕು ಇಂಚು ಹಿಂದೆ ಸರಿಯುತ್ತದೆ. ಚೆಂಡು ದಾಟಿದ್ದು ಎರಡು ಬೆರಳು.

ದಾಟಿರಲಿಲ್ಲ. ಆ ಆಟ ನಮ್ಮದಲ್ಲ.

ಅಕ್ಟೋಬರ್ 4, ಮಂಗಳವಾರ

ಗಾರ್ಡಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೇಳಿದೆ. ಸರಪಳಿಯವರಿಗೆಲ್ಲ ಅವನೇ ಯಜಮಾನ. ಮೊಳೆ ತೂಗುತ್ತಿದ್ದವನು ತಕ್ಕಡಿ ಬಿಟ್ಟ.

"ಯಾರಿಗಾದ್ರೂ ಹೇಳಿದ್ಯಾ?"

"ನಿಂಗೇ ಮೊದಲು."

"ನಂಗೇ ಕೊನೆ ಅಂತ ಇಟ್ಕೋ. ಎರಡು ಬೆರಳು ವರ್ನಾ! ಎರಡು ಬೆರಳಿಗೆ ಊರಿನ ಗೆಲುವು ಬಿಟ್ಟುಕೊಡ್ತಾರಾ ಯಾರಾದ್ರೂ?"

"ಸುಳ್ಳು ಅಳತೆ ಕೊಟ್ಟಿದ್ದೀನಿ ಗಾರ್ಡಿ."

"ತಿಳಿಯದೆ ಕೊಟ್ಟಿದ್ದೀಯ. ಈಗ ತಿಳಿದು ಬಾಯಿ ಮುಚ್ಕೊಂಡಿರು."

ರಾತ್ರಿ ಊಟಕ್ಕೆ ಕೂತಾಗ ಆರ್ಲೋಗೆ ಹೇಳಿದೆ. ಆಲೂಗಡ್ಡೆ ಕಲಸಿದ, ತಿನ್ನಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಕ್ಲಿಪ್ಪು ತಪ್ಪಿಟ್ಟವನಲ್ಲ. ನನಗೆ ನಾಚಿಕೆಯಿಂದ ಸಾಯುವಂತಾಯಿತು. ಕೊನೆಗೆ ಎದ್ದು, ಊರುಗೋಲು ಕುಟ್ಟುತ್ತ ಹೋಗಿ, ಡ್ರಾಯರಿನಿಂದ ಒಳ್ಳೆಯ ಪೆನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟ.

"ದೊಡ್ಡಕ್ಷರದಲ್ಲಿ ಬರಿ. ನಿನ್ನ ಬರಹ ಕೋಳಿ ಕೆದಕಿದ ಹಾಗಿರುತ್ತೆ."

ಕಾಲೇಜುಗಳ ಪಂದ್ಯ ನಡೆಸುವ ಕಾನ್ಫರೆನ್ಸ್ ಕಚೇರಿಗೆ ಬರೆದೆ. ಒಂದು ಪುಟ. ಗೆರೆಯ ಚಿತ್ರವನ್ನೂ ಬಿಡಿಸಿದೆ.

ಅಕ್ಟೋಬರ್ 8, ಶನಿವಾರ

ಹೊರ ಊರಿನ ಆಟ. ರೇಡಿಯೋ. ಗೆದ್ದರು, 24–21. ಅಡುಗೆಮನೆಯಲ್ಲಿ ಯಾರ ನಿಯಮವೂ ಇಲ್ಲ, ಕೂಗಬಹುದಿತ್ತು. ಕೂಗಲಿಲ್ಲ.

ಅಕ್ಟೋಬರ್ 12, ಬುಧವಾರ

ಉತ್ತರ ಬಂತು. ಮುಗಿದ ಆಟವನ್ನು ಮತ್ತೆ ಅಳೆಯುವ ಪದ್ಧತಿ ಇಲ್ಲ. ಗೆಲುವು ಕೆಲ್ಬಿಯದೇ. ತಿಳಿಸಿದ್ದಕ್ಕೆ ವಂದನೆ. ನನ್ನ ಕಾಗದದ ನಕಲನ್ನು ಕಾನ್ಫರೆನ್ಸಿನ ಎಂಟೂ ಕಾಲೇಜಿಗೆ ಕಳಿಸಿದ್ದಾರೆ!

ಊರಿಗೆ ಗೊತ್ತಾಗಲು ಒಂದೂವರೆ ಗಂಟೆ ಸಾಕಾಯಿತು. ಕೆಫೆಯಲ್ಲಿ ನನ್ನ ಮೇಜಿಗೆ ಯಾರೂ ಬರಲಿಲ್ಲ. ವಿಮೆ ಏಜೆಂಟ್ ಡೇಲ್ ಹಕ್‌ಸ್ಟೆಪ್ ಬೆನ್ನು ತಿರುಗಿಸಿಕೊಂಡೇ, ನನಗೆ ಕೇಳಲಿ ಎಂದೇ —

"ಹುಡುಗರು ರಕ್ತ ಸುರಿಸಿ ಗೆದ್ರು. ಈಯಮ್ಮ ಪೋಸ್ಟ್ ಸ್ಟಾಂಪ್ ಹಚ್ಚಿ ಕಳೆದಳು."

"ಕಳೆದಿಲ್ಲ ಡೇಲ್. ಗೆಲುವು ನಿಮ್ಮದೇ ಅಂತ ಬರೆದಿದ್ದಾರೆ, ಓದಲಾ?"

"ಓದ್ಬೇಡಿ. ಬರೆದಿದ್ದೇ ಸಾಕು."

ಪೈ ಅರ್ಧಕ್ಕೇ ಬಿಟ್ಟು ಎದ್ದೆ. ಚೆರ್ರಿ ಪೈ. ಅದೂ ಹೊಟ್ಟೆ ಉರಿಸಿತು.

ಅಕ್ಟೋಬರ್ 15, ಶನಿವಾರ

"ಇದೊಂದು ವಾರ ಬಿಟ್ಬಿಡು" ಎಂದ ಗಾರ್ಡಿ. ಕಳಿಸುವುದಾದರೆ ಕಳಿಸು, ನಾನಾಗಿ ಬಿಡುವುದಿಲ್ಲ ಎಂದೆ. ಅವನು ರೆಫರಿಯ ಮುಖ ನೋಡಿದ. ರೆಫರಿ ನರೆಗೂದಲಿನ ಮನುಷ್ಯ, ಶೂ ಲೇಸು ಕಟ್ಟುತ್ತಲೇ ಹೇಳಿದ: "ಕ್ಲಿಪ್ಪು ಅವರ ಹತ್ರಾನೇ ಇರ್ಲಿ."

ಗೆದ್ದೆವು, 31–10. ಸ್ಟ್ಯಾಂಡಿನಿಂದ ಯಾವನೋ, "ಅಜ್ಜಿ, ಅಳತೆ ಟೇಪು ತಂದಿದ್ದೀಯಾ?" ಎಂದು ಕೂಗಿದ. ಟಾವರೆಸ್ ನೂರು ಗಜ ದಾಟಿದ. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಹುಡುಗ ಮುನಿಸಿಕೊಂಡಿದ್ದಾನೆ. ಊರಿನ ಮುನಿಸು ತಡೆದೇನು. ಇದು ಆಗುತ್ತಿಲ್ಲ.

ಅಕ್ಟೋಬರ್ 23, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆಯುವುದೇನಿತ್ತು? ಹೋದ ಭಾನುವಾರ ಟಾವರೆಸ್ ಊಟಕ್ಕೆ ಬರಲಿಲ್ಲ, ಚಿಲ್ಲಿ ಹಾಗೇ ಉಳಿಯಿತು. ಮೂರು ದಿನ ಅದನ್ನೇ ತಿಂದೆವು. ನಿನ್ನೆ ಹೊರ ಊರಲ್ಲಿ ಮತ್ತೆ ಗೆದ್ದರು. ರೇಡಿಯೋದವನ ಗಂಟಲು ಹರಿದುಹೋಗಿತ್ತು.

ಇವತ್ತು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಟಾವರೆಸ್. ಟೋಪಿ ಕೈಯಲ್ಲಿ.

"ಆ ಎರಡು ಗಜ ನಾನು ಓಡಿದ್ದು, ಮಿಸ್ ವರ್ನಾ. ಅಮ್ಮಂಗೆ ಫೋನ್ ಮಾಡಿ ಹೇಳಿಕೊಂಡಿದ್ದೆ. ಆಮೇಲೆ ನೀವು ಕಾಗದ ಬರೆದ್ರಿ."

"ನಿನ್ನ ಓಟ ಸುಳ್ಳು ಅಂತ ಬರೀಲಿಲ್ಲ. ನನ್ನ ಕ್ಲಿಪ್ಪು ಸುಳ್ಳು ಅಂತ ಬರೆದೆ."

"ಗೊತ್ತು ಮ್ಯಾಮ್. ಗೊತ್ತಾಗೋಕೆ ಎರಡು ವಾರ ಬೇಕಾಯ್ತು." ತಲೆ ಕೆರೆದುಕೊಂಡ. "ಅಮ್ಮಂಗೆ ನಿನ್ನೆ ಎಲ್ಲಾ ಹೇಳಿದೆ. ಅಂಥವರ ಮನೆ ಊಟ ಬಿಟ್ಟು ಕ್ಯಾಂಟೀನಲ್ಲಿ ತಿಂತಿದ್ದೀಯಾ, ತಲೇಲಿ ಏನಿದೆ ಅಂತ ಬೈದ್ಲು."

ಆರ್ಲೋ ಒಳಗಿನಿಂದ, "ಬಾಗಿಲು ಹಾಕ್ರೋ, ಚಳಿ ಬರುತ್ತೆ! ಅಮ್ಮ ಹೇಳಿದ್ದು ಸರಿಯಾಗಿದೆ, ಬಂದು ಕೂತ್ಕೊ!"

ಕೂತ. ಐದು ರೋಲ್ ತಿಂದ. ಆಮೇಲೆ ತೋಳು ಮೇಲೆ ಮಾಡಿ ಮಣಿಕಟ್ಟು ತೋರಿಸಿದ. ಬಿಳಿ ಟೇಪು ಸುತ್ತಿ, ಅದರ ಮೇಲೆ ಕರಿ ಇಂಕಿನಲ್ಲಿ ನಾಲ್ಕು ಗೀಟು.

"ಏನೋ ಇದು?"

"ಎಲ್ಲರೂ ಹಾಕ್ಕೊಂಡಿದ್ದೀವಿ. ಗೆರೆ ಮುಟ್ಟಿ ನಿಲ್ಲೋ ಹಾಗಿಲ್ಲ, ದಾಟಿ ಇನ್ನೂ ನಾಲ್ಕು ಇಂಚು ಓಡ್ಬೇಕು, ಪ್ರಾಕ್ಟೀಸಲ್ಲೂ ಅಂತ ಕೋಚ್ ಹೇಳಿದ್ದಾರೆ. ನಾವು ಯಾರ ಹತ್ರಾನೂ ಸಾಲ ಇಟ್ಕೊಳ್ಳಲ್ಲ, ಮ್ಯಾಮ್."

ಪಾತ್ರೆ ತೊಳೆಯುವ ನೆಪದಲ್ಲಿ ಸಿಂಕಿನ ಕಡೆ ತಿರುಗಿಕೊಂಡೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ನವೆಂಬರ್ 5, ಶನಿವಾರ

ಹೋದ ವಾರವೂ ಗೆಲುವು, ಇವತ್ತೂ ಗೆಲುವು. ಒಂಬತ್ತರಲ್ಲಿ ಎಂಟು! ಅತ್ತ ಟಾರ್ಬರ್ಟ್ ಕಾಲೇಜಿನವರದ್ದೂ ಎಂಟು. ಮುಂದಿನ ಶನಿವಾರ ಅವರು ಇಲ್ಲಿಗೇ ಬರುತ್ತಾರೆ. ಗೆದ್ದವರಿಗೆ ಪಟ್ಟ. ಕೆಲ್ಬಿಗೆ ಕೊನೆಯ ಸಲ ಪಟ್ಟ ಸಿಕ್ಕಿದ್ದು 1958ರಲ್ಲಿ. ನಾನಾಗ ಹೈಸ್ಕೂಲಿನಲ್ಲಿದ್ದೆ.

ಕೆಫೆಯಲ್ಲಿ ಡೇಲ್ ನನ್ನ ಮೇಜಿನ ತನಕ ಬಂದ. ಏನೂ ಹೇಳದೆ ಸಕ್ಕರೆ ಡಬ್ಬಿ ತೆಗೆದುಕೊಂಡು ಹೋದ. ಅದೂ ಒಂದು ರಾಜಿಯೇ.

ನವೆಂಬರ್ 11, ಶುಕ್ರವಾರ

ಆರ್ಲೋನ ಕೊನೆಯ ಪಾಠ.

"ಟಾರ್ಬರ್ಟ್‌ನ ಕೋಚ್ ಬೌಮನ್ ಗೊತ್ತಲ್ಲ, ಟೋಪಿ ಎಸೆಯೋ ಮುದುಕ. ಯಾವ ಅಳತೆಯನ್ನೂ ಒಪ್ಪಿದವನಲ್ಲ. ಹತ್ತೊಂಬತ್ತು ಸಲ ಬಂದಿದ್ದಾನೆ, ಹತ್ತೊಂಬತ್ತು ಸಲಾನೂ ಟೋಪಿ ನೆಲಕ್ಕೆ ಬಿದ್ದಿದೆ. ಒಂದು ಸಲ ನನ್ನ ಸರಪಳೀನೇ ಉದ್ದ ಇದೆ ಅಂದ! ಕಿರುಚಿದ್ರೆ ಕಿರುಚ್ಲಿ. ಟೋಪಿ ಮಾತ್ರ ಎತ್ತಿಕೊಡಬೇಡ."

"ಎತ್ತಿಕೊಟ್ರೆ?"

"ಮತ್ತೆ ಎಸೀತಾನೆ."

ನಾಳೆ ತಾನೂ ಬರುತ್ತಾನಂತೆ. ಡಾಕ್ಟರು ಬೇಡ ಎಂದಿದ್ದಾರೆ ಎಂದೆ. ಡಾಕ್ಟರೂ ಬರ್ತಾರೆ, ಪಕ್ಕದಲ್ಲೇ ಕೂರ್ತೀನಿ ಎಂದ.

ಗೆದ್ದರೆ ಊರು ಕುಣಿಯುತ್ತದೆ. ಸೋತರೆ, ಅದೂ ಅಳತೆಯಲ್ಲಿ ಸೋತರೆ, ಈ ಊರಲ್ಲಿ ನಾನು ಬಸ್ಸು ಓಡಿಸುವುದು ಹೇಗೆ? ಭಯವಾಗಿದೆ. ಬರೆದುಬಿಟ್ಟೆ, ಸ್ವಲ್ಪ ಹಗುರಾಯಿತು.

ನವೆಂಬರ್ 12, ಶನಿವಾರ. ಸಂಜೆ 4.20, ಬಸ್ಸಿನಲ್ಲೇ

ಈಗಲೇ ಬರೆಯಬೇಕು. ಮನೆಗೆ ಹೋದರೆ ಆರ್ಲೋ ಮಾತು ಶುರುಮಾಡುತ್ತಾನೆ, ಆಮೇಲೆ ಇದು ಅವನ ಕಥೆಯಾಗಿಬಿಡುತ್ತದೆ.

ಬೆಳಗಿನಿಂದ ಬಡಗಣ ಗಾಳಿ. ಕ್ಲಿಪ್ಪು ಬೆರಳಿಗೆ ಅಂಟುವಷ್ಟು ಚಳಿ. ಗ್ಲೌಸಿನೊಳಗೆ ಇಟ್ಟು ಬೆಚ್ಚಗೆ ಮಾಡಿಕೊಂಡೆ. ಆರ್ಲೋ ಬೇಲಿಯ ಪಕ್ಕ ಮಡಚುವ ಕುರ್ಚಿಯಲ್ಲಿ, ಕಾಲಿಗೆ ಕಂಬಳಿ. ಊರಿಗೆ ಊರೇ ನೆರೆದಿತ್ತು.

17–14, ನಾವು ಮುಂದೆ. ಒಂದು ನಿಮಿಷ ಹತ್ತು ಸೆಕೆಂಡು ಬಾಕಿ. ಮೈದಾನದ ನಟ್ಟನಡುವೆ ನಾಲ್ಕನೇ ಅವಕಾಶ, ಒಂದು ಗಜ ಬೇಕು. ಎಲ್ಲರೂ ಚೆಂಡು ದೂರ ಒದೆಯುತ್ತಾರೆ ಅಂದುಕೊಂಡರು. ಆ ಗಜ ಸಿಕ್ಕರೆ ಚೆಂಡು ನಮ್ಮಲ್ಲೇ, ಗಡಿಯಾರ ಓಡಿಸಿದರೆ ಪಟ್ಟ. ಸಿಗದಿದ್ದರೆ ಚೆಂಡು ಟಾರ್ಬರ್ಟ್‌ಗೆ, ಅವರಿಗೆ ಒಂದು ನಿಮಿಷ ಧಾರಾಳ. ಕೋಚ್ ರಸ್ಕ್ ಒದೆಸಲಿಲ್ಲ. ಮಣಿಕಟ್ಟು ಎತ್ತಿ ನಾಲ್ಕು ಗೀಟು ತೋರಿಸಿದರು. ಕೂಗಿಬಿಡೋಣವೆನಿಸಿತು, ಪೆಪ್ಪರ್‌ಮಿಂಟ್ ಕಚ್ಚಿದೆ. ಮುಖ ಪೋಸ್ಟ್‌ಬಾಕ್ಸು.

ಟಾವರೆಸ್ ನುಗ್ಗಿದ. ಗೋಡೆಗೆ ಗೋಡೆ ಬಿದ್ದ ಸದ್ದು. ರಾಶಿ. ರೆಫರಿ — ಆ ನರೆಗೂದಲಿನವನೇ — ರಾಶಿಯ ಅಡಿಯಿಂದ ಚೆಂಡು ತೆಗೆದು ನೆಲಕ್ಕಿಟ್ಟು ನಮ್ಮ ಕಡೆ ಕೈ ಬೀಸಿದ.

ನಡೆದೆ. ಕ್ಲಿಪ್ಪು ಎರಡು ಬೆರಳ ನಡುವೆ. ಹಿಂದಿನ ಅಂಚಿಗೇ ಸಿಕ್ಕಿಸಿದ್ದೆ. ಸಿಕ್ಕಿಸುವಾಗ ಯಾರ ಬೂಟೂ ಅಡ್ಡ ಇರಲಿಲ್ಲ. ಇದ್ದಿದ್ದರೆ ಎಳೆದು ಬದಿಗಿಡುತ್ತಿದ್ದೆ. ರೆಫರಿ ಕೇಳುವ ಮೊದಲೇ, "ಹಿಂದಿನ ಅಂಚು. ನೋಡಿ" ಎಂದೆ. ಬಗ್ಗಿ ನೋಡಿದ. "ಹಿಂದಿನ ಅಂಚು" ಎಂದ. ಇಟ್ಟೆ. ಗಾರ್ಡಿ ಸರಪಳಿ ಎಳೆದ. ಬಿಗಿಯಾಯಿತು. ಕೋಲು ನೆಟ್ಟಗಾಯಿತು.

ಚೆಂಡಿನ ಮೂತಿ ಕೋಲು ದಾಟಿತ್ತು. ಆರು ಇಂಚು! ಗಾರ್ಡಿ ಆಮೇಲೆ ಅಂಗೈ ಚಾಚಿ ತೋರಿಸಿದ. ನಾಲ್ಕು ಕಳೆದರೂ ಇನ್ನೂ ಎರಡು ಉಳಿಯುತ್ತಿತ್ತು.

ಸ್ಟ್ಯಾಂಡು ಸಿಡಿಯುವ ಮೊದಲೇ ಟಾರ್ಬರ್ಟ್ ಕಡೆಯಿಂದ ಕೂಗು. ಸಹಾಯಕ ಕೋಚ್ ಒಬ್ಬ, "ಇನ್ನೊಂದ್ಸಲ ಅಳೀರಿ! ಇದು ಇವರ ಊರು, ಇವರ ಸರಪಳಿ!" ಎಂದು ಓಡಿಬಂದ. ಅವನ ಹಿಂದೆ ಬೌಮನ್, ಮುಖ ಕೆಂಪು, ಟೋಪಿ ಆಗಲೇ ಕೈಯಲ್ಲಿ. ಕೈ ಮೇಲೆತ್ತಿದ. ಅಷ್ಟರಲ್ಲಿ ನನ್ನನ್ನು ನೋಡಿದ. ನೆಲಕ್ಕೆ ಮಂಡಿಯೂರಿ ಕ್ಲಿಪ್ಪು ಹಿಡಿದು ಕೂತಿದ್ದೆ.

"ಕಾಗದ ಬರೆದವರು ನೀವೇನಾ?"

ಕ್ಲಿಪ್ಪು ಬಿಡದೆ ತಲೆ ಎತ್ತಿದೆ. ಗಾರ್ಡಿ ಎದೆ ಸೆಟೆಸಿ ಹೇಳಿದ — ಆ ಗಾರ್ಡಿ, ಬಾಯಿ ಮುಚ್ಕೊಂಡಿರು ಎಂದಿದ್ದವನು: "ಹೌದು. ಇವರೇ. ನಮ್ಮ ವರ್ನಾ."

ಬೌಮನ್ ಚೆಂಡು ನೋಡಿದ, ಕೋಲು ನೋಡಿದ, ಬಿಳಿ ಗೆರೆ ನೋಡಿದ. ಟೋಪಿಯನ್ನು ತಲೆಗೆ ಇಟ್ಟುಕೊಂಡ.

"ಹಾಗಾದ್ರೆ ಸರಿಯಾಗೇ ಇರುತ್ತೆ" ಎಂದ. ಸಹಾಯಕನ ತೋಳು ಹಿಡಿದು, "ನಡಿಯೋ. ಆಟ ಮುಗೀತು."

ಬೇಲಿಯ ಕಡೆ ನೋಡಬಾರದೆಂದಿದ್ದೆ. ನೋಡಿದೆ. ಆರ್ಲೋ ನಿಂತಿದ್ದ. ಕಂಬಳಿ ನೆಲದಲ್ಲಿ, ಊರುಗೋಲು ಡಾಕ್ಟರ ಕೈಯಲ್ಲಿ. ಅಳುತ್ತಿದ್ದ, ಯಾರು ನೋಡಿದರೇನು ಎಂಬಂತೆ. ಬೌಮನ್ ಟೋಪಿ ತಲೆಗೆ ಇಟ್ಟುಕೊಂಡದ್ದನ್ನು ಇಪ್ಪತ್ತು ಆಟದಲ್ಲಿ ಮೊದಲ ಸಲ ಕಂಡನಂತೆ.

ಗಡಿಯಾರ ಸೊನ್ನೆ. ಊರೆಲ್ಲ ಮೈದಾನಕ್ಕೆ ಇಳಿಯಿತು. ಗೋಲಿನ ಕಂಬ ಅಲುಗಾಡಿಸಿದರು. ಸರಪಳಿಯ ನಾವು ನಾಲ್ವರು ಕೋಲು, ಸರಪಳಿ ಸುತ್ತಿಕೊಂಡು ಆ ಜಾತ್ರೆಯ ನಡುವೆ ಶವಯಾತ್ರೆಯವರಂತೆ ಗಂಭೀರವಾಗಿ ಶೆಡ್ಡಿಗೆ ನಡೆದೆವು. ಡೇಲ್ ಹಕ್‌ಸ್ಟೆಪ್ ಅಡ್ಡ ಬಂದು ಅಪ್ಪಿಕೊಳ್ಳಲು ನೋಡಿದ. "ಇನ್ನೂ ಬೀಗ ಹಾಕಿಲ್ಲ ಡೇಲ್" ಎಂದೆ. ದಾರಿ ಬಿಟ್ಟ.

ಗಾರ್ಡಿ ಬೀಗ ಒತ್ತಿದ. ಟಕ್ ಎಂದಿತು.

"ಈಗ ಕೂಗು ವರ್ನಾ."

ಬಾಯಿ ತೆರೆದೆ. ಎರಡು ತಿಂಗಳು ನುಂಗಿದ್ದೆಲ್ಲ ಒಟ್ಟಿಗೆ ಬಂತೋ ಏನೋ, ಗಂಟಲಿನಿಂದ ಒಂದು ಕೀಚಲು ಬಿಟ್ಟು ಏನೂ ಬರಲಿಲ್ಲ. ಗಾರ್ಡಿ ನಕ್ಕು ನಕ್ಕು ಶೆಡ್ಡಿಗೆ ಒರಗಿದ.

ಬ್ಯಾಂಡಿನ ಮಕ್ಕಳಿಗಾಗಿ ಬಸ್ಸಿನಲ್ಲಿ ಕಾಯುತ್ತ ಬರೆಯುತ್ತಿದ್ದೇನೆ. ಒಬ್ಬನೂ ಬಂದಿಲ್ಲ. ಯಾರೋ ಬಾಗಿಲು ಬಡಿಯುತ್ತಿದ್ದಾರೆ... ಟಾವರೆಸ್. ಮೈಯೆಲ್ಲ ಕೆಸರು. ಹಿಂದೆ ಇಡೀ ತಂಡ, ಅವರ ಹಿಂದೆ ಡೋಲು, ತುತ್ತೂರಿ. ನಡುವೆ ಆರ್ಲೋ — ಇಬ್ಬರು ದಢೂತಿ ಹುಡುಗರು ಕುರ್ಚಿ ಸಮೇತ ಹೊತ್ತಿದ್ದಾರೆ!

"ಮಿಸ್ ವರ್ನಾ! ಊರಿಗೆ ಒಂದು ರೌಂಡ್ ಹೊಡೆಸ್ರೀ!"

ಸ್ಕೂಲ್ ಬಸ್ಸಿಗೆ ಹೊರಗಿನವರನ್ನು ಹತ್ತಿಸಬಾರದು. ನಿಯಮ. ಸೋಮವಾರ ಸೂಪರಿಂಟೆಂಡೆಂಟರಿಗೆ ಒಂದು ಕಾಗದ ಬರೆದುಬಿಡುತ್ತೇನೆ, ದೊಡ್ಡಕ್ಷರದಲ್ಲಿ. ಬಾಗಿಲು ತೆಗೆದೆ. ಗಂಟಲು ಹೋದರೇನು, ಹಾರ್ನ್ ಇದೆ. ಅದರ ಮೇಲೆ ಕೈ ಇಟ್ಟರೆ ರೈಲ್ವೆ ಕ್ರಾಸಿಂಗ್ ತನಕ ತೆಗೆಯುವುದಿಲ್ಲ.